ಟಿಡಿಎ 7294 ಆಂಪ್ಲಿಫೈಯರ್‌ಗೆ ಎಲ್ಲಿ ಯಾವ ಕೆಪಾಸಿಟರ್ ಹಾಕಬೇಕು?

24-0-24 ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಟಿಡಿಎ 7294 ಅನ್ನುವ ಆಂಪ್ಲಿಫೈಯರ್ ಐಸಿಯ ಬೋರ್ಡ್ ನೀವೇ ಕಟ್ಟುತ್ತಿದ್ದೀರಿ, 'ಆಡಿಯೋ ಗ್ರೇಡ್' ಅಂತ ಮಾರುವ ದುಬಾರಿ ಕೆಪಾಸಿಟರ್ ಎಲ್ಲಾ ಕಡೆ ಬೇಕಾ ಅಂತ ಕೇಳಿದ್ದೀರಿ. ಬೇಡ. ಸಪ್ಲೈ ಮತ್ತು ಇನ್‌ಪುಟ್, ಈ ಎರಡು ಕಡೆ ಸರಿಯಾದ ಜಾತಿಯದು ಹಾಕಿದರೆ ಸಾಕು.

ಮೊದಲು ಸಪ್ಲೈ. ನಾನು ದಾವಣಗೆರೆಯವನು, ಶೀಟಿನ ಮನೆಯ ಒಂದು ಕೋಣೆಯಲ್ಲಿ ಕೂತು ಸೆಟ್ ಕಟ್ಟುತ್ತೇನೆ. ಮೊದಲ ಸೆಟ್‌ಗೆ 35 ವೋಲ್ಟಿನ 4700 ಮೈಕ್ರೋಫ್ಯಾರಡ್ ಹಾಕಿದ್ದೆ. 24 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ 1.41ರಿಂದ ಗುಣಿಸಬೇಕು, 34 ವೋಲ್ಟ್, ಸಾಕಲ್ವಾ ಅಂದುಕೊಂಡೆ. ಆದರೆ ಅದು ಲೈನಿನಲ್ಲಿ 230 ಇದ್ದಾಗಿನ ಲೆಕ್ಕ. ನಮ್ಮ ಬೀದಿಯಲ್ಲಿ ರಾತ್ರಿ ಎಲ್ಲರ ಮೋಟಾರ್ ನಿಂತ ಮೇಲೆ 250 ಬರುತ್ತದೆ, ಆಗ ಪ್ಲಸ್, ಮೈನಸ್ ಒಂದೊಂದು ಕಡೆಗೂ 36 ದಾಟುತ್ತದೆ. ಏಪ್ರಿಲ್ ಸೆಕೆ ಬೇರೆ. ಎರಡೇ ವಾರಕ್ಕೆ ಎರಡರ ತಲೆಯೂ ಪೂರಿಯ ಹಾಗೆ ಉಬ್ಬಿತ್ತು, ಮೇಲಿನ ಗೀಟಿನ ಸಂದಿಯಲ್ಲಿ ಕಂದು ಬಣ್ಣದ ಅಂಟು ಜಿನುಗಿತ್ತು. ಅವತ್ತಿನಿಂದ 63 ವೋಲ್ಟ್, 105 ಡಿಗ್ರಿಯದನ್ನೇ ಹಾಕುತ್ತೇನೆ. ಸಪ್ಲೈಗೆ ಹಾಕುವ ಈ ಎಲೆಕ್ಟ್ರೋಲೈಟಿಕ್ ಜಾತಿಗೆ ಬಿಸಿ 10 ಡಿಗ್ರಿ ಕಡಿಮೆಯಾದರೆ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ, ಹಾಗಾಗಿ ಹೀಟ್‌ಸಿಂಕ್‌ಗೆ ತಾಗಿಸಿ ಕೂರಿಸಬೇಡಿ. ಐಸಿಯ ಸಪ್ಲೈ ಕಾಲುಗಳ ಪಕ್ಕದಲ್ಲೇ ಒಂದೊಂದು 0.1 ಮೈಕ್ರೋಫ್ಯಾರಡ್ ಇರಲಿ.

ಇನ್‌ಪುಟ್‌ಗೆ ಫಿಲ್ಮ್, ಅಂದರೆ ಪ್ಲಾಸ್ಟಿಕ್ ಹಾಳೆಯ ಕೆಪಾಸಿಟರೇ ಬೇಕು. ಪಾಲಿಪ್ರೊಪಿಲೀನ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಸಾಮಾನ್ಯ ಪಾಲಿಯೆಸ್ಟರ್ ಕೂಡ ಚೆನ್ನಾಗಿ ಕೇಳುತ್ತದೆ. 0.47 ಮೈಕ್ರೋಫ್ಯಾರಡ್ ಹಾಕಿ, ಮೇಲೆ 474 ಅಂತ ಬರೆದಿರುತ್ತದೆ. ಇನ್‌ಪುಟ್ ರೆಸಿಸ್ಟರ್ 22 ಕಿಲೋ ಓಮ್ ಇದ್ದರೆ ಅದು ಕೆಳಗೆ 15 ಹರ್ಟ್ಸ್‌ವರೆಗಿನ ಸ್ವರವನ್ನೂ ಬಿಡುತ್ತದೆ. ಅದೇ ಜಾಗಕ್ಕೆ ಮನೆಯಲ್ಲಿದೆ ಅಂತ ಸುಮ್ನೆ 0.1 ಹಾಕಿದರೆ 72 ಹರ್ಟ್ಸ್‌ನಿಂದಲೇ ಕೆಳಗೆ ಇಳಿಯುತ್ತಾ ಹೋಗುತ್ತದೆ, ಡೊಳ್ಳಿನ ಏಟು ಕೇಳುತ್ತದೆ ಆದರೆ ಎದೆಗೆ ತಟ್ಟುವುದಿಲ್ಲ.

ಸಿಗ್ನಲ್ ಹೋಗುವ ದಾರಿಯಲ್ಲಿ ಅಗ್ಗದ ಸೆರಾಮಿಕ್ ಬೇಡ. ವೋಲ್ಟೇಜ್ ಬದಲಾದ ಹಾಗೆ ಅದರ ಮೈಕ್ರೋಫ್ಯಾರಡ್ ಅಳತೆಯೇ ಬದಲಾಗುತ್ತದೆ, ಅದರಿಂದ ಸ್ವರ ಕೆಡುತ್ತದೆ. ಒಂದು ಮೈಕ್ ಪ್ರೀಆಂಪ್‌ನಲ್ಲಿ ಅಂಥ ಕೆಪಾಸಿಟರ್ ಮೇಲೆ ಪೆನ್ಸಿಲ್‌ನಿಂದ ಮೆಲ್ಲಗೆ ಕುಟ್ಟಿದೆ, ಸ್ಪೀಕರ್‌ನಲ್ಲಿ ಟಕ್ ಟಕ್ ಅಂತ ಕೇಳಿತು. ಎನ್‌ಪಿ0 ಜಾತಿಯ ಸೆರಾಮಿಕ್‌ಗೆ ಈ ತೊಂದರೆ ಇಲ್ಲ, ಆದರೆ ಅದು ಸಣ್ಣ ಅಳತೆಗಳಲ್ಲೇ ಜಾಸ್ತಿ ಸಿಗುವುದು.

ಫೀಡ್‌ಬ್ಯಾಕ್, ಅಂದರೆ ಔಟ್‌ಪುಟ್‌ನ ಒಂದು ಪಾಲು ಇನ್‌ಪುಟ್ ಕಡೆ ವಾಪಸ್ ಬರುವ ದಾರಿಯ 22 ಮೈಕ್ರೋಫ್ಯಾರಡ್‌ಗೆ ಸಾಧಾರಣ ಎಲೆಕ್ಟ್ರೋಲೈಟಿಕ್ ಸಾಕು, ಅಲ್ಲಿ ದುಡ್ಡು ಸುರಿಯಬೇಡಿ.

ಇನ್ನೊಂದು ಮಾತು. ಮೈನಸ್ ಸಪ್ಲೈ ಕಡೆಯ ಕೆಪಾಸಿಟರ್‌ನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗಬೇಕು, ಪಟ್ಟಿ ಇರುವ ಕಾಲು ಮೈನಸ್‌ಗೆ. ಇದನ್ನು ಉಲ್ಟಾ ಹಾಕಿದರೆ ಮುಖದ ಹತ್ತಿರವೇ ಸಿಡಿಯಬಹುದು. ಪವರ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ, ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ. 1 ಕಿಲೋ ಓಮ್, 2 ವ್ಯಾಟ್ ರೆಸಿಸ್ಟರನ್ನು ಅರ್ಧ ನಿಮಿಷ ಎರಡೂ ಕಾಲಿಗೆ ಹಿಡಿದು, ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ.