ಪಕ್ಕದ ಮಾಳಿಗೆಯ ಸ್ಪೀಕರ್ ಬಗ್ಗೆ

ಪಕ್ಕದವರು 'ನಮ್ಮ ಮನೆ, ನಮ್ಮಿಷ್ಟ' ಅಂತ ರಾತ್ರಿ ಮಾಳಿಗೆ ಮೇಲೆ ಸ್ಪೀಕರ್ ಹಚ್ಚುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದಕ್ಕೆ ಹಟ ಕಾರಣ ಇರಲಿಕ್ಕಿಲ್ಲ. ಸದ್ದು ನಿಮ್ಮ ಕೋಣೆಗೆ ಎಷ್ಟು ಬರುತ್ತೆ ಅನ್ನೋ ಅಂದಾಜೇ ಅವರಿಗಿಲ್ಲ. ಧಾರವಾಡದ ಹಳೇ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡೇ ಇರುತ್ತವೆ, ಅಲ್ವಾ?

ಮೊದಲು ಹಗಲು ಹೊತ್ತಲ್ಲಿ ಹೋಗಿ ಆ ಮನೆಯ ಹಿರಿಯರ ಹತ್ತಿರ ಮಾತಾಡಿ. ಆಮೇಲೆ ಒಂದು ರಾತ್ರಿ ಅವರನ್ನು ನಿಮ್ಮ ಕೋಣೆಗೇ ಕರೆಯಿರಿ. ಕಿಟಕಿ ಗಾಜು ಅದುರೋದನ್ನು ಕೈಯಿಟ್ಟು ನೋಡಲಿ. ಹಾಡೇ ಬೇಡ ಅನ್ನಬೇಡಿ, ಅದು ಅವರ ಹಕ್ಕು. ಹತ್ತಕ್ಕೆ ನಿಲ್ಲಿಸಿ ಅನ್ನಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಚ್ಚುವಂತಿಲ್ಲ. ಇಷ್ಟಕ್ಕೇ ಒಪ್ಪುತ್ತಾರೆ ಅಂತ ಖಾತ್ರಿ ಕೊಡಲಾರೆ. ಒಪ್ಪದಿದ್ದರೆ ಜಗಳಕ್ಕೆ ಹೋಗಬೇಡಿ, ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ.