ಕ್ವಿಯರ್ ಸಿನಿಮಾ ಉತ್ಸವಕ್ಕೆ ಒಬ್ಬನೇ ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ದೀರಿ, ನೀವು ಗೇ ಅನ್ನೋದು ಮನೆಯವರಿಗೆ ಗೊತ್ತಿಲ್ಲ, ಇಲ್ಲಿನ ಕ್ವಿಯರ್ ಫಿಲ್ಮ್ ಫೆಸ್ಟಿವಲ್‌ಗೆ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಹೀಗೆ ನಮ್ಮಂಥವರ ಬದುಕಿನ ಸಿನಿಮಾ ತೋರಿಸೋ ಉತ್ಸವಕ್ಕೆ, ಒಬ್ಬರೇ ಹೋಗಬಹುದಾ, ಗೊತ್ತಿರೋರು ಯಾರಾದರೂ ನೋಡಿಬಿಟ್ಟರೆ ಏನು ಗತಿ.

ಹೋಗಿ. ಖಂಡಿತ ಹೋಗಿ. ಮೊದಲ ಸಲ ನಾನೂ ಒಬ್ಬನೇ ಹೋಗಿದ್ದೆ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನನ್ನು ಎತ್ತಿಹಿಡಿದಿತ್ತು. 2009ರಲ್ಲಿ ದೆಹಲಿ ಹೈಕೋರ್ಟು ಕೊಟ್ಟಿದ್ದ ನೆಮ್ಮದಿ ಒಂದೇ ಬೆಳಗ್ಗೆ ಹೋಗಿಬಿಟ್ಟಿತ್ತು. ಅದಾದ ಮೇಲೆ ಬಂದ ಉತ್ಸವ ಅದು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಗೇಟಿನ ಎದುರು ಫುಟ್‌ಪಾತಿನಲ್ಲಿ ಅರ್ಧ ಗಂಟೆ ನಿಂತಿದ್ದೆ, ಫೋನು ಕಿವಿಗಿಟ್ಟುಕೊಂಡು. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ.

ಒಳಗೆ ಮೇಜಿನ ಹತ್ತಿರ ಕೂತಿದ್ದ ಹುಡುಗಿ ‘ಯಾವ ಹೆಸರು ಬರೀಲಿ?’ ಅಂತ ಕೇಳಿದಳು. ನಿಮ್ಮ ಹೆಸರೇನು ಅಂತ ಕೇಳಲಿಲ್ಲ ನೋಡಿ, ಯಾವ ಹೆಸರು ಬರೀಲಿ ಅಂದಳು. ನನ್ನದಲ್ಲದ ಒಂದು ಹೆಸರು ಹೇಳಿದೆ. ಅವಳು ಅದನ್ನೇ ಬರೆದುಕೊಂಡು, ಯಾವ ಸಿನಿಮಾ ಎಷ್ಟು ಹೊತ್ತಿಗೆ ಅಂತಿದ್ದ ಹಾಳೆ ಕೊಟ್ಟಳು. ಟಿಕೆಟ್ಟಿಗೆ ದುಡ್ಡು ಕೊಡೋ ಹಾಗಿರಲಿಲ್ಲ. ನೀವು ಗೇ ಹೌದಾ ಅಲ್ವಾ ಅಂತಲೂ ಯಾರೂ ಕೇಳಲಿಲ್ಲ. ಇವತ್ತಿಗೂ ಕೇಳಿದ್ದು ಕಂಡಿಲ್ಲ.

ಮೊದಲು ಹಾಕಿದ್ದು ಕಿರುಚಿತ್ರಗಳು. ಅದರಲ್ಲೊಂದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಅಡುಗೆಮನೆ, ಇಬ್ಬರು ಗಂಡಸರು. ಒಬ್ಬ ಅಕ್ಕಿ ತೊಳೆಯುತ್ತಾನೆ. ಇನ್ನೊಬ್ಬ ‘ನೀರು ಜಾಸ್ತಿ ಆಯ್ತು’ ಅಂತಾನೆ. ಅಷ್ಟಕ್ಕೇ ಜಗಳ. ನನ್ನ ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ, ನಮ್ಮನೇಲೂ ಇದೇ ಗಲಾಟೆ’ ಅಂದರು. ಇಡೀ ಹಾಲ್ ನಕ್ಕಿತು, ನಾನೂ ನಕ್ಕೆ. ಆಮೇಲೆ ಅಳು ಬಂತು.

ಯಾಕೆ ಅಂತ ಹೇಳ್ತೀನಿ. ಚಿಕ್ಕವನಿದ್ದಾಗ ಊರಿನ ಟಾಕೀಸಿನಲ್ಲಿ ನಮ್ಮಂಥವರು ತೆರೆ ಮೇಲೆ ಬರುತ್ತಿದ್ದದ್ದು ಕಾಮಿಡಿಗೆ ಮಾತ್ರ. ಸೊಂಟ ಬಳುಕಿಸಿಕೊಂಡು ಒಬ್ಬ ಬರೋದು, ಹೀರೋ ಕಪಾಳಕ್ಕೆ ಹೊಡೆಯೋದು, ಜನ ಶಿಳ್ಳೆ ಹಾಕೋದು. ಚಿಕ್ಕಪ್ಪನ ಮಕ್ಕಳ ಮಧ್ಯೆ ಕೂತು ನಾನೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನಗದಿದ್ದರೆ ಗೊತ್ತಾಗಿಬಿಡುತ್ತೇನೋ ಅನ್ನೋ ಭಯ. ಹೆದರದೆ ಸಿನಿಮಾ ನೋಡಿ ನಕ್ಕಿದ್ದು ಆವತ್ತೇ ಮೊದಲು.

ಬೆಂಗಳೂರಿನ ಈ ಉತ್ಸವ ಶುರುವಾಗಿದ್ದು 2009ರಲ್ಲಿ. ಕೋಲ್ಕತ್ತದಲ್ಲಿ 2007ರಲ್ಲೇ ಇತ್ತು, ಮುಂಬೈಯ ಕಶಿಶ್ 2010ರಲ್ಲಿ ಬಂತು. ಇಲ್ಲಿ ಇದನ್ನು ನಡೆಸೋದು ಸಮುದಾಯದವರೇ. ಗುಡ್ ಆಸ್ ಯೂ ಥರದ ಗುಂಪುಗಳು 1994ರಿಂದ ಈ ಊರಲ್ಲಿ ವಾರವಾರ ಸೇರಿ, ಒಬ್ಬರ ಕಷ್ಟ ಒಬ್ಬರು ಕೇಳಿಸಿಕೊಂಡು ಬಂದಿವೆ. ಅಂಥವರ ದುಡಿಮೆ ಇದರ ಹಿಂದಿದೆ. ಕುರ್ಚಿ ಜೋಡಿಸೋದು, ಸಿನಿಮಾ ಆರಿಸೋದು ಎಲ್ಲಾ ಕೆಲಸ ಬಿಡುವು ಮಾಡಿಕೊಂಡು ಬಂದವರದ್ದೇ. ಖರ್ಚಿಗೆ ಜನ ಕೈಲಾದಷ್ಟು ಕೊಡುತ್ತಾರೆ. ನಿಮಗೆ ಆದಾಗ ನೀವೂ ಕೊಡಿ.

ಇಂಥ ಸಿನಿಮಾಗಳನ್ನು ಯಾರಾದರೂ ಹುಡುಕಿ ತೋರಿಸುತ್ತಿರಲೇಬೇಕು. 1971ರ ‘ಬದ್‌ನಾಮ್ ಬಸ್ತಿ’ ಅನ್ನೋ ಹಿಂದಿ ಚಿತ್ರದಲ್ಲಿ ಇಬ್ಬರು ಗಂಡಸರ ನಡುವಿನ ಒಲವು ಇದೆ. ಎಷ್ಟೋ ವರ್ಷ ಅದು ಕಳೆದೇಹೋಯಿತು ಅಂದುಕೊಂಡಿದ್ದರು. ಕೊನೆಗೆ 2019ರಲ್ಲಿ ಅದರ ಪ್ರಿಂಟು ಸಿಕ್ಕಿದ್ದು ಬರ್ಲಿನ್ನಿನ ಒಂದು ಸಂಗ್ರಹದಲ್ಲಿ!

ಒಂದು ಕೊರಗಿದೆ ನನಗೆ. ಸಬ್‌ಟೈಟಲ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಒಂದು ವರ್ಷ ಚಿಕ್ಕಬಳ್ಳಾಪುರದ ಕಡೆಯ ಗೆಳೆಯನೊಬ್ಬ ಜೊತೆಗೆ ಬಂದಿದ್ದ. ಅವನಿಗೆ ಅಷ್ಟು ಬೇಗ ಓದೋಕೆ ಆಗಲ್ಲ. ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ನೋಡಿದರೆ ಮುಂದಿನ ಸಾಲಿನ ಇಬ್ಬರು ಹಿಂದಕ್ಕೆ ಒರಗಿ ಕೇಳಿಸಿಕೊಳ್ಳುತ್ತಿದ್ದಾರೆ. ‘ಸ್ವಲ್ಪ ಜೋರಾಗಿ ಹೇಳಿ ಸರ್’ ಅಂದರು. ಕನ್ನಡದಲ್ಲಿ ಟ್ರಾನ್ಸ್ ಮಹಿಳೆಯೊಬ್ಬಳ ಕಥೆಯ ‘ನಾನು ಅವನಲ್ಲ ಅವಳು’ ಬಂತು, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ನಮ್ಮ ಭಾಷೆಯಲ್ಲಿ ಅಕ್ಕಿ ತೊಳೆಯೋ ಆ ಇಬ್ಬರು ಯಾವಾಗ ಬರುತ್ತಾರೋ ಅಂತ ಇನ್ನೂ ಕಾಯ್ತಾ ಇದ್ದೀನಿ.

ಈಗ ನಿಮ್ಮ ಭಯದ ವಿಷಯ. ಕಾನೂನಿನ ಹೆದರಿಕೆ ಬೇಡ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ. ಗೊತ್ತಿರೋರು ಕಾಣಬಹುದು, ಇಲ್ಲ ಅನ್ನಲ್ಲ. ನನಗೆ ಎರಡನೇ ವರ್ಷ ನಮ್ಮ ಆಫೀಸಿನ ಅಕೌಂಟ್ಸ್‌ನವರು ಕಾಫಿ ಕ್ಯೂನಲ್ಲಿ ಎದುರಾದರು. ಇಬ್ಬರ ಮುಖವೂ ಬಿಳಚಿಕೊಂಡಿತು. ಆಮೇಲೆ ಹೊಳೆಯಿತು, ಅವರೂ ಅಲ್ಲಿಗೇ ಬಂದಿದ್ದರಲ್ಲ. ಇವತ್ತು ನನ್ನ ಕಷ್ಟಸುಖಕ್ಕೆ ಆಗೋರು ಅವರೇ. ಫೋಟೊದ ಚಿಂತೆ ಇದ್ದರೆ ಬಾಗಿಲಲ್ಲಿರುವ ವಾಲಂಟಿಯರ್‌ಗಳಿಗೆ ಮೊದಲೇ ಹೇಳಿಬಿಡಿ.

ಉದ್ದ ಸಿನಿಮಾಕ್ಕಿಂತ ಕಿರುಚಿತ್ರಗಳ ಹೊತ್ತಿಗೆ ಹೋಗಿ. ಒಂದು ಹಿಡಿಸದಿದ್ದರೆ ಹತ್ತು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಕೊನೇ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿ ಹಿಡಿದುಕೊಳ್ಳಿ, ಯಾವಾಗ ಬೇಕಾದರೂ ಎದ್ದು ಬರಬಹುದು. ನಾನು ಮೊದಲ ದಿನ ಅಲ್ಲೇ ಕೂತಿದ್ದೆ, ರಾತ್ರಿ ಲೈಟ್ ಹಾಕೋವರೆಗೂ.