ರಾಯಚೂರಿನವಳು ನಾನು. ಮಗಳ ಮದುವೆಗೆ 3 ವಾರ ಇದೆ, ಜೋತ ಮುಖ ಬಿಗಿ ಮಾಡುವ ಫೇಸ್‌ಲಿಫ್ಟ್ ಆಪರೇಷನ್ ಹೈದರಾಬಾದಿನಲ್ಲಿ ಮಾಡಿಸೋಣ ಅಂತಿದ್ದೇನೆ, ಯಾವ ವಿಧಾನ ಒಳ್ಳೆಯದು? ನನಗೆ ಬಿಪಿ ಇದೆ.

ಯಾವುದೂ ಬೇಡ ಅಕ್ಕಾ. ರಾಯಚೂರಿನಿಂದ ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದು ಮಂಟಪದಲ್ಲಿ ನಿಲ್ಲುವ ಲೆಕ್ಕ ನಿಮ್ಮದು. ಬಳ್ಳಾರಿಯಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ಬಿಪಿ ಇದೆ ಅಂತ ಕೊನೆಗೆ ಒಂದು ಸಾಲು ಬರೆದಿದ್ದೀರಿ ನೋಡಿ, ನನಗೆ ಮುಳುವಾಗಿದ್ದು ಅದೇ.

‘ರಾತ್ರಿಯಿಂದ ಬಾಯಿಗೆ ಏನೂ ಹಾಕಬೇಡಿ’ ಅಂದಿದ್ದಕ್ಕೆ ಬೆಳಗಿನ ಬಿಪಿ ಮಾತ್ರೆಯನ್ನೂ ಬಿಟ್ಟೆ. ರಕ್ತ ಕಡಿಮೆ ಬರಲಿ ಅಂತ ಚರ್ಮದಡಿ ರಕ್ತನಾಳ ಬಿಗಿಯುವ ಅಡ್ರಿನಲಿನ್ ಬೆರೆಸಿದ ಮದ್ದು ಚುಚ್ಚಿರುತ್ತಾರೆ, ಅರಿವಳಿಕೆಯಲ್ಲಿ ಬಿಪಿಯೂ ಇಳಿದಿರುತ್ತದೆ. ಹಾಗಾಗಿ ಹೊಲಿಯುವಾಗ ಎಲ್ಲ ಒಣಗಿದಂತೆ ಕಾಣುತ್ತದೆ. ಸಂಜೆ ಮದ್ದಿನ ಜೋರು ಇಳಿದು, ಮಾತ್ರೆ ಬಿಟ್ಟಿದ್ದಕ್ಕೋ ನೋವಿಗೋ ವಾಂತಿಗೋ ಬಿಪಿ ಏರಿತೆಂದರೆ ಮುಚ್ಚಿಕೊಂಡಿದ್ದ ಸಣ್ಣ ನಾಳಗಳು ಬಿಚ್ಚಿಕೊಳ್ಳುತ್ತವೆ. ರಕ್ತ ಹೊರಗೆ ಬರದೆ ಸಡಿಲಗೊಂಡ ಚರ್ಮದ ಕೆಳಗೇ ಹೆಪ್ಪುಗಟ್ಟುತ್ತದೆ. ಇದೇ ಹೆಮಟೋಮಾ, ಬಹುಪಾಲು ಮೊದಲ 24 ತಾಸಿನೊಳಗೇ ಆಗುವಂಥದ್ದು. ಎರಡೂ ಕಡೆ ಸಮನಾಗಿ ಬಾತರೆ ಮಾಮೂಲು. ಒಂದೇ ಕಡೆ ಬಿಗಿದು ನೋವು ಏರುತ್ತಾ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ಒಳಗಿನ ಒತ್ತಡಕ್ಕೆ ಮೇಲಿನ ಚರ್ಮಕ್ಕೆ ರಕ್ತ ಸಿಗದೆ ಕಪ್ಪಾಗುತ್ತದೆ. ನನ್ನನ್ನು ರಾತ್ರಿಯೇ ಮತ್ತೆ ಥಿಯೇಟರಿಗೆ ಒಯ್ದರೂ ಕಿವಿ ಹಿಂದೆ ರೂಪಾಯಿಯಗಲ ಚರ್ಮ ಹೋಗೇಬಿಟ್ಟಿತು.

ಯಾವ ಮಾತ್ರೆ ಗುಟುಕು ನೀರಲ್ಲಿ ನುಂಗಬೇಕು, ಯಾವುದು ಬಿಡಬೇಕು ಅಂತ ಅರಿವಳಿಕೆ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಕೇಳಿ. ತಂಬಾಕು ಹಾಕುವ ರೂಢಿ ಇದ್ದರೆ 4 ವಾರ ಮೊದಲೇ ಬಂದ್. ನಿಕೋಟಿನ್ ಚರ್ಮದ ನಾಳಗಳನ್ನು ಬಿಗಿಯುತ್ತದೆ.

ವಿಧಾನಕ್ಕೆ ಬಂದರೆ, ಬರೀ ಚರ್ಮ ಎಳೆದು ಹೊಲಿದದ್ದು ಬೇಗ ಜೋಲುತ್ತದೆ. ಅದರಡಿ ಮುಖದ ಸ್ನಾಯುಗಳನ್ನು ಹೊದ್ದಿರುವ ಸ್ಮಾಸ್ ಎಂಬ ಪದರವನ್ನು ಮಡಿಚಿ ಹೊಲಿಯಬಹುದು, ಇಲ್ಲವೇ ಆ ಪದರದ ಕೆಳಗಿಂದಲೇ ಎಬ್ಬಿಸುವ ಡೀಪ್ ಪ್ಲೇನ್ ಇದೆ. ಸರ್ಜನ್ ಕೈ ಯಾವುದರಲ್ಲಿ ಪಳಗಿದೆಯೋ ಅದೇ ಒಳ್ಳೆಯದು. ಚರ್ಮದೊಳಗೆ ದಾರ ಪೋಣಿಸಿ ಎಳೆಯುವ ಥ್ರೆಡ್ ಲಿಫ್ಟಿಗೆ ದುಡ್ಡು ಸುರಿಯಬೇಡಿ, ಜೋತ ಕೆನ್ನೆಯ ಭಾರ ದಾರ ತಡೆಯಲ್ಲ.

ಒಳಗೆ ಸೇರುವ ರಕ್ತ, ನೀರು ಹೊರಹೋಗಲು ಡ್ರೈನ್ ಕೊಳವೆ ಇಟ್ಟಿದ್ದರೆ 1-2 ದಿನಕ್ಕೆ ತೆಗೆಯುತ್ತಾರೆ. ಬಾವು 2-3ನೇ ದಿನ ಜಾಸ್ತಿ. ಕಿವಿ ಮುಂದಿನ ಹೊಲಿಗೆ 5-7 ದಿನಕ್ಕೆ, ಹಿಂದಿನದು ಇನ್ನೂ ಕೆಲವು ದಿನ ಬಿಟ್ಟು. ತಲೆ ಎತ್ತರಿಸಿಯೇ ಮಲಗಬೇಕು. ನೀಲಿ ಕಲೆ 2 ವಾರ, ಆಮೇಲೆ ಮೇಕಪ್ಪಿನಲ್ಲಿ ಮುಚ್ಚಬಹುದು. ಆದರೆ ನಗು ಬಿಗಿಯಾಗೇ ಇರುತ್ತದೆ, ಕಿವಿ ತಿಂಗಳುಗಟ್ಟಲೆ ಜೋಮು. ಭಾರದ ಜುಮುಕಿ, ಬಿಸಿಗಾಳಿಯ ಡ್ರೈಯರ್ ಎರಡೂ ಬೇಡ, ಸುಟ್ಟರೂ ಗೊತ್ತಾಗಲ್ಲ. ನಮ್ಮ ಕಡೆ ಬಿಸಿಲಿಗೆ ಗಾಯದ ಗೆರೆ ಕಪ್ಪಾಗುತ್ತದೆ, ಸೆರಗು ಹೊದ್ದುಕೊಳ್ಳಿ. ಮದುವೆಮನೆಯಲ್ಲಿ ಬಗ್ಗದೆ, ಭಾರ ಎತ್ತದೆ ಇರೋಕಾಗುತ್ತಾ?

ಮದುವೆ ಮುಗಿಸಿಯೇ ಮಾಡಿಸಿ. ಆಗಲೂ ಮೊದಲ ವಾರ ಹೈದರಾಬಾದಿನಲ್ಲೇ ರೂಮು ಹಿಡಿಯಿರಿ. ನಡುರಾತ್ರಿ ಕೆನ್ನೆ ಬಾತರೆ ಕೃಷ್ಣೆ ದಾಟಿ ಅಷ್ಟು ದೂರ ಓಡೋಕಾಗಲ್ಲ.